ಹೊಟ್ಟೆ ಕಿರಿದಾದ ಮೇಲೆ ಮುದ್ದೆ

"ಅಯ್ನೋರು ತೂಕ ಇಳ್ಸೋಕೆ ಅಂತ ಹೊಟ್ಟೆ ಕುಯ್ಸ್ಕೊಂಡ್ರು. ಆಪರೇಷನ್ ಕೆಟ್ಟೋಯ್ತು. ತಿಂದಿದ್ದೆಲ್ಲ ಆಚೆಗ್ ಬರ್ತಿತ್ತು. ಆಮೇಲೆ ಯಾರೋ ನಾಟಿ ಬೇರು ಕೊಟ್ರು, ಸರಿಯೋಯ್ತು."

ಮೈಸೂರಿನ ಮೇಟಗಳ್ಳಿಯ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ವಿಷಯವಾಗಿ ಚಾಲ್ತಿಯಲ್ಲಿರುವ ಕಥೆ ಇದು. ಎಲ್ಲ ಪಾಳಿಯವರೂ ಇದನ್ನು ಬಲ್ಲರು. ಒಮ್ಮೆ ಹೆಬ್ಬಾಳದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರೊಬ್ಬರು, ನಾನು ಯಾರೆಂದು ತಿಳಿಯದೆ, ನನಗೇ ಇದನ್ನು ಹೇಳಿ ಮರುಕಪಟ್ಟರು. ಕಥೆಯಲ್ಲಿರುವುದು ನಾಲ್ಕು ವಾಕ್ಯ. ಮೊದಲನೆಯದೂ ಮೂರನೆಯದೂ ನಿಜ. ಎರಡನೆಯದು ಸುಳ್ಳು. ನಾಲ್ಕನೆಯದರಲ್ಲಿ ಬೇರು ಕೊಟ್ಟದ್ದಷ್ಟೇ ನಿಜ.

ನಾನು ಪ್ರೌಢಶಾಲೆಯನ್ನು ಮುಗಿಸಿದವನಲ್ಲ. ಓದಿದ್ದೆಲ್ಲ ಸಾರ್ವಜನಿಕ ಗ್ರಂಥಾಲಯದ ಬೆಂಚಿನ ಮೇಲೆ. ಆ ಓದು ನನಗೆ ಒಂದು ಚಟವನ್ನು ಅಂಟಿಸಿತು. "ಇದು ಎಲ್ಲರಿಗೂ ಗೊತ್ತಿರುವ ವಿಷಯ" ಎಂದು ಯಾರಾದರೂ ಹೇಳಿದರೆ, ಎಲ್ಲರಿಗೂ ಅದು ಹೇಗೆ ಗೊತ್ತಾಯಿತು ಎಂದು ಕೇಳದೆ ಇರಲಾರೆ. ನನ್ನ ಹೊಟ್ಟೆಯ ವಿಷಯದಲ್ಲಿ ಈ ಪ್ರಶ್ನೆಯನ್ನು ನಾನು ತಡವಾಗಿ ಕೇಳಿದೆ. ತಡವಾದುದೇ ಈ ಬರಹಕ್ಕೆ ಕಾರಣ.

ಮೊದಲು ನನ್ನ ಕೆಲಸವೇನೆಂದು ಹೇಳಬೇಕು. ಆ ಕ್ಯಾಂಟೀನಿನಲ್ಲಿ ನಾನು ಮುಖ್ಯ ಅಡುಗೆಯವನು. ಮಧ್ಯಾಹ್ನದ ಮುದ್ದೆ ನನ್ನ ಪಾಲಿನದು. ಮನೆಯಲ್ಲಿ ಮುದ್ದೆ ಮಾಡುವುದಕ್ಕೂ ಪಾಳಿಗೆಲ್ಲ ಆಗುವಷ್ಟು ಮುದ್ದೆ ಮಾಡುವುದಕ್ಕೂ ವ್ಯತ್ಯಾಸವಿದೆ. ಕೊಪ್ಪರಿಗೆಯಲ್ಲಿ ಎಸರು ಮರಳುತ್ತಿರುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಆ ತೂತಿನಿಂದ ನೀರು ಉಕ್ಕಿ ಹಿಟ್ಟು ತಳದವರೆಗೂ ಬೇಯುವುದನ್ನು ಕಾಯಬೇಕು. ಅವಸರಪಟ್ಟು ಕಲಕಿದರೆ ಒಳಗೆ ಹಸಿ ಗಂಟು ಉಳಿಯುತ್ತದೆ. ಹೆಚ್ಚಿನ ನೀರನ್ನು ಬಸಿದಿಟ್ಟು, ಕೊಪ್ಪರಿಗೆ ಅಲುಗದಂತೆ ಕವೆಗೋಲು ಕೊಟ್ಟು ಕಾಲಿನಿಂದ ಒತ್ತಿಹಿಡಿದು, ಎರಡು ಕೈಯಲ್ಲೂ ಕೋಲು ಹಿಡಿದು ತಿರುವಬೇಕು. ಸೊಂಟ, ಮಂಡಿ, ಭುಜ, ಮೂರೂ ಆ ಕೆಲಸಕ್ಕೆ ಬೇಕು. ನನ್ನ ತೂಕ ಏರುತ್ತ ಹೋದಂತೆ ಮಂಡಿಗಳು ಮೊದಲು ಕೈಬಿಟ್ಟವು. ಅದರ ಜೊತೆಗೆ ಸಕ್ಕರೆ ಕಾಯಿಲೆ ಹತೋಟಿ ತಪ್ಪಿತು. ವೈದ್ಯರು ಶಸ್ತ್ರಚಿಕಿತ್ಸೆಯ ಮಾತು ಎತ್ತಿದಾಗ ಹೊಟ್ಟೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಪ್ರಶ್ನೆಗಳಿಂದ ಅವರನ್ನು ಸಾಕಷ್ಟು ದಣಿಸಿ, ಕೊನೆಗೆ ಒಪ್ಪಿದೆ. ಜಠರದ ದೊಡ್ಡ ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಒಂದು ಕೊಳವೆಯಾಗಿ ಉಳಿಸುವ ಚಿಕಿತ್ಸೆ ಅದು.

ಮೊದಲ ವಾರಗಳಲ್ಲಿ ನನ್ನಂಥ ವಿಧೇಯ ರೋಗಿ ಆ ಆಸ್ಪತ್ರೆಯಲ್ಲಿ ಇನ್ನೊಬ್ಬನಿರಲಿಲ್ಲ. ಬೇಳೆ ಕಟ್ಟಿನ ತಿಳಿ, ಎಳನೀರು, ಸೋಸಿದ ಮಜ್ಜಿಗೆ, ಆಮೇಲೆ ತೆಳುವಾದ ರಾಗಿ ಗಂಜಿ. ಎಲ್ಲವನ್ನೂ ಚಮಚದಲ್ಲಿ ಅಳೆದು ಕುಡಿದೆ. ಊಟದ ಜೊತೆ ನೀರು ಕುಡಿಯಕೂಡದು, ಊಟವಾದ ಅರ್ಧ ಗಂಟೆಯವರೆಗೂ ಕುಡಿಯಕೂಡದು ಎಂದು ಅಲ್ಲಿನ ಆಹಾರತಜ್ಞೆ ಹೇಳಿದ್ದರು. ಕಿರಿದಾದ ಜಠರದಲ್ಲಿ ಅನ್ನಕ್ಕೂ ನೀರಿಗೂ ಒಟ್ಟಿಗೆ ಜಾಗವಿಲ್ಲ ಎಂಬುದು ಅವರ ವಿವರಣೆ. ನನಗದು ಸರಿಯೆನಿಸಿತು. ಊಟಕ್ಕೆ ಕೂರುವ ಮೊದಲೇ ನೀರಿನ ಚೊಂಬನ್ನು ಅಡುಗೆಮನೆಯಿಂದ ಹೊರಗಿಟ್ಟು ಬರುತ್ತಿದ್ದೆ.

ನಂತರ ಬಂದದ್ದು ಮೆತ್ತಗಿನ ಆಹಾರದ ಘಟ್ಟ. ಮೆತ್ತಗಿನದು ಯಾವುದಾದರೂ ಆಗಬಹುದು, ಚೆನ್ನಾಗಿ ಅಗಿದು ನಿಧಾನವಾಗಿ ತಿನ್ನಿ ಎಂದಿದ್ದರು. ಇಲ್ಲಿ ನಾನು ಒಂದು ತರ್ಕ ಹೂಡಿದೆ. ಅನ್ನಕ್ಕೆ ಅಗುಳಿದೆ, ಚಪಾತಿಗೆ ನಾರಿದೆ, ಇಡ್ಲಿಗೂ ಒಂದಿಷ್ಟು ತರಿಯಿದೆ. ಮುದ್ದೆಗಿಂತ ಮೆತ್ತಗಿನ ಪದಾರ್ಥ ಈ ಮೈಸೂರು ಸೀಮೆಯಲ್ಲಿ ಯಾವುದಿದೆ? ಹಲ್ಲಿಲ್ಲದ ಮುದುಕರಿಗೂ, ಹಲ್ಲು ಮೂಡದ ಮಕ್ಕಳಿಗೂ ಆಗುವ ಊಟ ಅದು. ತರ್ಕ ಎಷ್ಟು ಗಟ್ಟಿಯಾಗಿತ್ತೆಂದರೆ ಯಾರನ್ನೂ ಕೇಳಬೇಕೆಂದು ನನಗೆ ತೋಚಲೇ ಇಲ್ಲ.

ಕೆಲಸಕ್ಕೆ ಮರಳಿದ ದಿನ ಪಾಳಿಯವರ ಊಟ ಮುಗಿದ ಮೇಲೆ ನಾವು ಅಡುಗೆಯವರು ಎಂದಿನಂತೆ ಸಾಲಾಗಿ ಕುಳಿತೆವು. ಬಡಿಸಿದವರು ನನ್ನ ಸಹಾಯಕಿ. ಮಂಡಕಳ್ಳಿಯಿಂದ ಬರುವ ಆಕೆ ನನಗಿಂತ ಕೆಲವೇ ವರ್ಷ ಚಿಕ್ಕವರು, ನನಗಿಂತ ಹತ್ತು ಪಾಲು ಮಾತುಗಾರ್ತಿ.

"ಏನಯ್ನೋರೇ, ನಿಂಬೆಕಾಯ್ ಗಾತ್ರ ಹಾಕ್ಸ್ಕೊತಿದೀರಿ? ಇದು ಮುದ್ದೆಯೋ, ಮಾತ್ರೆಯೋ?"

"ಹೊಟ್ಟೆ ಅಷ್ಟೇ ಇರೋದು ಕಣವ್ವ."

"ಸರಿ ಬುಡಿ. ಸಾರಾದ್ರೂ ಸ್ವಲ್ಪ ಜಾಸ್ತಿ ಹಾಕ್ತೀನಿ, ಅದ್ಕೇನು ಜಾಗ ಬೇಡ."

ಎರಡು ತುತ್ತು ಇಳಿದವು. ಮೂರನೆಯದು ಇಳಿಯಲಿಲ್ಲ. ಎದೆಯ ನಡುವೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಯಿತು. ಬಾಯಲ್ಲಿ ನೀರೂರಿ ನೊರೆಯಾಯಿತು. ಎದ್ದು ಪಾತ್ರೆ ತೊಳೆಯುವ ಮೋರಿಯ ಬಳಿಗೆ ಹೋಗುವಷ್ಟರಲ್ಲಿ ತಿಂದದ್ದು ತಿಂದಂತೆಯೇ ಹೊರಬಂತು. ಹಿಂದೆಯೇ ಬಂದ ಸಹಾಯಕಿ ನನ್ನ ಬೆನ್ನು ನೀವುತ್ತ ನಿಂತರು.

"ಎಲ್ಲೋ ಸಿಕ್ಕಾಕೊಂಡೈತೆ. ಒಂದ್ ಗುಟುಕು ನೀರ್ ಕುಡೀರಿ, ಇಳ್ದೋಯ್ತದೆ."

"ನೀರು ಕುಡಿಯೋ ಹಂಗಿಲ್ಲ," ಎಂದೆ. ಅಂಥ ಸ್ಥಿತಿಯಲ್ಲೂ ನಿಯಮ ಪಾಲಿಸಿದೆನೆಂಬ ಸಣ್ಣ ಹೆಮ್ಮೆ ನನಗಿತ್ತು.

ಮೊದಲ ದಿನವೆಂದು ಸಮಾಧಾನ ಮಾಡಿಕೊಂಡೆ. ಎರಡನೆಯ ದಿನವೂ ಹಾಗೆಯೇ ಆಯಿತು. ಆಮೇಲೆ ಒಂದು ದಿನ ನಿಲ್ಲುವುದು, ಎರಡು ದಿನ ಬರುವುದು. ಮುದ್ದೆ ಬಿಟ್ಟು ಮೆತ್ತಗಿನ ಅನ್ನ, ಬೇಳೆ ತಿಂದರೂ ಊಟವಾದ ಸ್ವಲ್ಪ ಹೊತ್ತಿಗೆ ಎದೆ ತುಂಬಿ ವಾಂತಿಯಾಗುತ್ತಿತ್ತು. ಮುದ್ದೆ ತಿಂದ ದಿನ ಊಟದ ನಡುವೆಯೇ ತೊಂದರೆ. ತಿನ್ನದ ದಿನ ಊಟ ಮುಗಿದ ಮೇಲೆ ತೊಂದರೆ. ಎರಡಕ್ಕೂ ಎರಡು ಕಾರಣಗಳಿರಬಹುದೆಂದು ಆಗ ನನಗೆ ಹೊಳೆಯಬೇಕಿತ್ತು. ಹುಳಿಯಾದ ಸಾರಿನಲ್ಲಿ ಹುಣಿಸೆ ಹೆಚ್ಚಾಗಿದೆಯೋ, ಬೇಳೆ ಕಡಿಮೆಯಾಗಿದೆಯೋ ಎಂದು ಬೇರ್ಪಡಿಸಿ ನೋಡುವವನು ನಾನು. ನನ್ನ ಹೊಟ್ಟೆಯ ವಿಷಯಕ್ಕೆ ಬಂದಾಗ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದೆ. ಒಳಗೆ ಎಲ್ಲೋ ಹೊಲಿಗೆ ಬಿಗಿಯಾಗಿದೆ, ದಾರಿ ಕಟ್ಟಿದೆ ಎಂದುಕೊಂಡೆ. ಕ್ಯಾಂಟೀನಿನ ಕಥೆಯ ಎರಡನೆಯ ವಾಕ್ಯವನ್ನು ಮೊದಲು ನಂಬಿದವನು ನಾನೇ.

ತೂಕ ಇಳಿಯುತ್ತಿತ್ತು, ಅದರ ಜೊತೆ ತ್ರಾಣವೂ ಇಳಿಯಿತು. ಒಂದು ಮಧ್ಯಾಹ್ನ ಕೋಲು ತಿರುವುತ್ತಿರುವಾಗ ಕಣ್ಣು ಕತ್ತಲಿಟ್ಟು ಕೊಪ್ಪರಿಗೆಯ ಅಂಚಿಗೆ ಕೈ ತಗುಲಿತು. ಸಹಾಯಕಿ ನನ್ನನ್ನು ಹಿಂದಕ್ಕೆ ಎಳೆದು ಕೂರಿಸಿ, ಕೋಲನ್ನು ತಾವೇ ಹಿಡಿದು ಮುದ್ದೆ ಮುಗಿಸಿದರು. ಅಂದು ಪಾಳಿಯ ಹಿರಿಯ ಕಾರ್ಮಿಕರೊಬ್ಬರು ಕಾಗದದಲ್ಲಿ ಸುತ್ತಿದ ಒಂದು ಬೇರಿನ ಪುಡಿಯನ್ನು ನನ್ನ ಕೈಗಿಟ್ಟು, "ಬೆಳಗ್ಗೆ ಬರೀ ಹೊಟ್ಟೇಲಿ ತಗೊಳ್ಳಿ ಅಯ್ನೋರೇ, ನಮ್ಮಾವಂಗೆ ಕಲ್ಲೇ ಕರಗೋಗಿತ್ತು" ಎಂದರು. ಅವರ ಮಾವನಿಗಿದ್ದದ್ದು ಮೂತ್ರಪಿಂಡದ ಕಲ್ಲು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನಲಾರದೆ ತೆಗೆದುಕೊಂಡೆ. ಹೊಲಿಗೆ ಹಾಕಿದ ಹೊಟ್ಟೆಗೆ ಹೆಸರು ತಿಳಿಯದ ಬೇರನ್ನು ಹಾಕುವಷ್ಟು ಮಾತ್ರ ನಾನು ಕೆಟ್ಟಿರಲಿಲ್ಲ. ಅದು ನಮ್ಮ ಮನೆಯ ಕರಿಬೇವಿನ ಗಿಡದ ಬುಡ ಸೇರಿತು.

ಮನೆಯಲ್ಲಿ ಹೆಂಡತಿಗೆ ಎಲ್ಲವೂ ಗೊತ್ತಾದದ್ದು ನನ್ನ ಸುಟ್ಟ ಕೈಯಿಂದ. "ನೀವು ಹೇಳ್ದೇ ಇದ್ರೆ ನಂಗೆ ತಿಳಿಯಲ್ಲ ಅನ್ಕೊಂಡ್ರಾ? ಬಚ್ಚಲಲ್ಲಿ ಕೆಮ್ಮೋ ಸದ್ದು ಯಾವ್ದು, ಕಕ್ಕೋ ಸದ್ದು ಯಾವ್ದು ಅಂತ ಇಷ್ಟ್ ವರ್ಷ ಆದ್ಮೇಲೂ ಗೊತ್ತಾಗಲ್ವೇನ್ರೀ?" ಎಂದು ಮರುದಿನವೇ ಆಸ್ಪತ್ರೆಗೆ ಎಳೆದೊಯ್ದರು.

ಶಸ್ತ್ರವೈದ್ಯರು ನನ್ನ ಆರೋಪವನ್ನು ಪೂರ್ತಿ ಕೇಳಿಸಿಕೊಂಡರು. ಹೊಲಿಗೆ ಬಿಗಿಯಾಗಿರಬಹುದೆಂದು ನಾನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದನ್ನೂ ನಗದೆ ನೋಡಿದರು. "ಇರಬಹುದು. ಊಹೆ ಯಾಕೆ, ನೋಡಿಯೇ ಬಿಡೋಣ," ಎಂದು ಗಂಟಲಿನ ಮೂಲಕ ಕೊಳವೆ ಇಳಿಸಿ ಒಳಗನ್ನು ನೋಡುವ ಎಂಡೋಸ್ಕೋಪಿ ಪರೀಕ್ಷೆ ಮಾಡಿದರು. ಪರೀಕ್ಷೆಯಾದ ಮೇಲೆ ಚಿತ್ರಗಳನ್ನು ನನ್ನ ಮುಂದಿಟ್ಟರು.

"ನೋಡಿ, ಇದು ನಿಮ್ಮ ಜಠರ. ಹೊಲಿಗೆ ಚೆನ್ನಾಗಿ ಮಾಗಿದೆ. ಕೊಳವೆ ಸಲೀಸಾಗಿ ಕೆಳಗಿನವರೆಗೆ ಹೋಯಿತು. ಎಲ್ಲೂ ಕಟ್ಟಿಲ್ಲ, ಕಿರಿದಾಗಿಲ್ಲ."

"ಹಾಗಾದರೆ ಊಟ ಯಾಕೆ ಇಳಿಯಲ್ಲ?"

"ಅದು ನನಗೂ ಇನ್ನೂ ಗೊತ್ತಿಲ್ಲ. ಕೆಲವರಲ್ಲಿ ದಾರಿ ತೆರೆದಿದ್ದರೂ ಕೊಳವೆ ಒಂದು ಕಡೆ ತಿರುಚಿಕೊಂಡಿರುತ್ತದೆ. ಮುಂದಿನ ಸಲ ಬಂದಾಗಲೂ ಹೀಗೇ ಇದ್ದರೆ ಬಣ್ಣದ ದ್ರವ ಕುಡಿಸಿ ಎಕ್ಸ್-ರೇ ತೆಗೆಯೋಣ. ತಿರುಚಿದ್ದರೆ ಮತ್ತೊಂದು ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬೇಕಾಗುತ್ತೆ."

ವಾಂತಿಯಿಂದ ಬತ್ತಿಹೋದ ಜೀವಸತ್ವಕ್ಕೆಂದು ಚುಚ್ಚುಮದ್ದು ಬರೆದುಕೊಟ್ಟರು. ಅದನ್ನು ತಪ್ಪಿಸಿದರೆ ನರಗಳಿಗೆ ಪೆಟ್ಟಾಗುತ್ತದೆ, ಇದರಲ್ಲಿ ಹಟ ಬೇಡ ಎಂದು ಹೆಂಡತಿಯ ಕಡೆ ನೋಡಿ ಹೇಳಿದರು. ಮೊದಲ ಶಸ್ತ್ರಚಿಕಿತ್ಸೆಗೆ ನಾನೇ ಓದಿ, ನಾನೇ ಒಪ್ಪಿ ಮಲಗಿದ್ದೆ. ಎರಡನೆಯದಕ್ಕೆ ಮಲಗುವ ಧೈರ್ಯ ನನ್ನಲ್ಲಿರಲಿಲ್ಲ. ಮಲಗಿ ಎದ್ದರೂ ಕೋಲು ಹಿಡಿಯುವ ಕೈ ಉಳಿಯುತ್ತದೆಂಬ ಭರವಸೆಯೂ ಇರಲಿಲ್ಲ.

ಅದೇ ದಿನ ಆಹಾರತಜ್ಞೆಯನ್ನೂ ಕಾಣಬೇಕಿತ್ತು. ಧಾರವಾಡದ ಕಡೆಯ ಹೆಣ್ಣುಮಗಳು, ನನ್ನ ಮಗಳ ವಯಸ್ಸು. ಮೊದಲ ಭೇಟಿಯಲ್ಲಿ ನನ್ನನ್ನು "ಅಜ್ಜಾರ" ಎಂದಿದ್ದಕ್ಕೆ ನಾನು ಆಕ್ಷೇಪಿಸಿದ್ದೆ. "ಹಂಗಾರ ಕಾಕಾರ ಅಂತೀನಿ ತಗೋರಿ," ಎಂದರು. ಅಂದಿನಿಂದ ನಾನು ಕಾಕಾ ಆಗಿದ್ದೆ. ಏನು ತಿನ್ನುತ್ತೀರಿ, ಎಷ್ಟು ತಿನ್ನುತ್ತೀರಿ, ಊಟದ ಜೊತೆ ನೀರು ಕುಡಿಯುತ್ತೀರಾ, ಹೀಗೆ ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ನಾನು ಸರಿಯಾದ ಉತ್ತರ ಕೊಟ್ಟೆ. ಒಂದೂ ಸುಳ್ಳಲ್ಲ. ಅಲ್ಲಿಯೇ ಆಸ್ಪತ್ರೆಯ ಕ್ಯಾಂಟೀನಿನಿಂದ ಕಾಗದದ ತಟ್ಟೆಯಲ್ಲಿ ಒಂದು ಇಡ್ಲಿ, ಸ್ವಲ್ಪ ಬೇಳೆ ತರಿಸಿ ತಿನ್ನಿಸಿದರು. ತಿಂದೆ. ಕಾದೆವು. ಎದೆ ಒತ್ತಲಿಲ್ಲ, ಬಾಯಲ್ಲಿ ನೀರೂರಲಿಲ್ಲ, ಏನೂ ಆಗಲಿಲ್ಲ.

"ನೋಡ್ರಿ ಕಾಕಾರ, ಚಲೋತ್ನಂಗ ಹೋತು," ಎಂದು ಅವರು ಸಂತೋಷಪಟ್ಟರು. ನನಗೆ ಸಂತೋಷವಾಗಲಿಲ್ಲ, ಸಂಶಯವಾಯಿತು. ಇಲ್ಲಿ ಇಳಿದ ಊಟ ಮನೆಯಲ್ಲಿ ಯಾಕೆ ಇಳಿಯುವುದಿಲ್ಲ? ಕೊಳವೆ ತಿರುಚಿದ್ದರೆ ಅದು ಆಸ್ಪತ್ರೆಯಲ್ಲೂ ತಿರುಚಿಯೇ ಇರಬೇಕಲ್ಲ?

ಬಸ್ಸಿನಲ್ಲಿ ಮನೆಗೆ ಬರುವಾಗ ಈ ಪ್ರಶ್ನೆ ಬಿಡಲಿಲ್ಲ. ನನ್ನ ಕೈಕೆಳಗೆ ಹೊಸದಾಗಿ ಸೇರಿದವರು "ನೀವು ಹೇಳಿದ ಹಾಗೇ ಮಾಡಿದೆ, ಆದರೂ ಗಂಟಾಯಿತು" ಎಂದಾಗ ಅವರು ಹೇಳಿದ ವಿಧಾನವನ್ನು ನಾನು ಎಂದೂ ನಂಬುವುದಿಲ್ಲ. ಸುಳ್ಳು ಹೇಳುತ್ತಾರೆಂದಲ್ಲ. ಕೈಗೆ ರೂಢಿಯಾದದ್ದನ್ನು ಬಾಯಿ ಹೇಳುವುದಿಲ್ಲ. "ಅದೇ ಒಲೆ, ಅದೇ ಪಾತ್ರೆ, ನನ್ನೆದುರು ಮಾಡಿ" ಎನ್ನುತ್ತೇನೆ. ಮಾಡುವಾಗ ತಪ್ಪು ತಾನಾಗಿ ಕಾಣುತ್ತದೆ. ಹಾಗಿದ್ದರೆ ಆಹಾರತಜ್ಞೆ ನನ್ನ ಮಾತನ್ನು ಯಾಕೆ ನಂಬಬೇಕು? ನಾನಾದರೂ ಯಾಕೆ ನಂಬಬೇಕು? ಮನೆ ಮುಟ್ಟುವಷ್ಟರಲ್ಲಿ ತೀರ್ಮಾನವಾಗಿತ್ತು. ಎಕ್ಸ್-ರೇಗೆ ಮೊದಲು ನನ್ನ ಮುದ್ದೆ, ನನ್ನ ಸಾರು, ನನ್ನ ಸ್ಟೀಲಿನ ತಟ್ಟೆ ತೆಗೆದುಕೊಂಡು ಹೋಗಿ, ಮನೆಯಲ್ಲಿ ಉಣ್ಣುವಂತೆಯೇ ಅವರೆದುರು ಉಣ್ಣಬೇಕು.

ಫೋನಿನಲ್ಲಿ ಕೇಳಿದಾಗ ಆಹಾರತಜ್ಞೆ, "ಬರ್ರಿ ಮತ್ತ. ನನಗೂ ಒಂಚೂರು ಸಾರು ತರ್ರಿ," ಎಂದರು. ಹೆಂಡತಿ ಅವರೆಕಾಳಿನ ಸಾರು ಮಾಡಿ ಎರಡು ಡಬ್ಬಿಗಳಿಗೆ ತುಂಬಿದರು. ಮುದ್ದೆಯನ್ನು ನಾನೇ ಮಾಡಿ, ಬಿಸಿ ಆರದಂತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೆಂಡತಿಯೊಂದಿಗೆ ಹೊರಟೆ.

ಆಹಾರತಜ್ಞೆಯ ಕೊಠಡಿಯಲ್ಲಿ ಮೇಜಿನ ಮೇಲೆ ತಟ್ಟೆ ಇಟ್ಟು, ಎದೆಯ ಮೇಲಿನ ಲಿಂಗವನ್ನು ಮುಟ್ಟಿ ನಮಸ್ಕರಿಸಿ, ಮೊದಲ ತುತ್ತನ್ನು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಎರಡನೆಯದನ್ನೂ ಇಟ್ಟೆ.

"ಕಾಕಾರ, ತಡೀರಿ. ಮೊದಲಿನ ತುತ್ತು ಎಲ್ಲಿ ಹೋತು?"

"ಎಲ್ಲಿಗೆ ಹೋಗುತ್ತಮ್ಮ? ಹೊಟ್ಟೆಗೆ."

"ನೀವು ಅಗದ ಇಲ್ಲಲ್ಲ?"

"ಮುದ್ದೆಯನ್ನ ಯಾರಾದ್ರೂ ಅಗೀತಾರೇನಮ್ಮ?" ನನಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಮುದ್ದೆ ನುಂಗೋದು. ಅಗಿದರೆ ಹಲ್ಲಿಗೆ ಅಂಟುತ್ತೆ, ರುಚಿ ಕೆಡುತ್ತೆ. ಅಗಿಯೋರನ್ನ ಕಂಡರೆ ನಮ್ಮ ಕಡೆ ನಗ್ತಾರೆ."

ಅವರು ಪೆನ್ನು ಕೆಳಗಿಟ್ಟರು. "ಅಗದು ತಿನ್ರಿ ಅಂತ ನಾ ಪ್ರತಿ ಸಲ ಹೇಳೀನಿ. ನೀವು ಪ್ರತಿ ಸಲ ಹೂಂ ಅಂದೀರಿ."

"ಅಗಿಯೋ ಪದಾರ್ಥ ಎಲ್ಲಾ ಅಗಿದಿದ್ದೀನಿ. ಅನ್ನ ಅಗಿದೆ, ಇಡ್ಲಿ ಅಗಿದೆ. ನಿಮ್ಮ ಎದುರಿಗೇ ಅಗಿದೆನಲ್ಲ."

"ನಮ್ಮ ಕಡೆ ರೊಟ್ಟಿರಿ. ಅಗೀಲಿಲ್ಲ ಅಂದ್ರ ಗಂಟಲಾಗ ಇಳಿಯೂದ ಇಲ್ಲ. ಹಂಗಽ ನುಂಗೂ ಊಟ ಒಂದೈತಿ ಅಂತ ನನಗ ಹೆಂಗ ಗೊತ್ತಾಗಬೇಕ್ರಿ?" ಎಂದು ಅವರು ನಕ್ಕರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅವರೂ ಹುಟ್ಟಿದಾಗಿನಿಂದ ನುಂಗಿದವರೇ.

ವಿವರಣೆ ಸರಳವಾಗಿತ್ತು. ಮೊದಲಿನ ಜಠರ ಚೀಲದಂತಿತ್ತು. ಇಡಿಯಾಗಿ ಬಿದ್ದ ತುತ್ತನ್ನು ಅದು ತಾನೇ ಅರೆಯುತ್ತಿತ್ತು. ಈಗಿನದು ಕೊಳವೆ. ಅಂಟಿನ ಉಂಡೆಯೊಂದು ಇಡಿಯಾಗಿ ಬಿದ್ದರೆ ಅಲ್ಲಿ ಬಿರಟೆಯಂತೆ ಕೂರುತ್ತದೆ. ಕೈಗೆ ಮೆತ್ತಗಿರುವುದೆಲ್ಲ ಹೊಟ್ಟೆಗೂ ಮೆತ್ತಗಿರಬೇಕಾಗಿಲ್ಲ. ನನ್ನ ತರ್ಕದ ಕಾಲು ಮುರಿದದ್ದು ಅಲ್ಲಿ. ನಾನು ಮುದ್ದೆಯ ಪರವಾಗಿ ಒಂದಿಷ್ಟು ವಾದಿಸಿದೆ, ಸೋತೆ. ಅವರು ಹೇಳಿದಂತೆ ಮೊದಲು ಕಾಳು, ಆಮೇಲೆ ಹುಣಿಸೆಬೀಜದ ಗಾತ್ರದ ತುತ್ತು, ಅದನ್ನು ಬಾಯಲ್ಲಿ ಕರಗಿ ನೀರಾಗುವವರೆಗೂ ಅಗಿಯುವುದು. ಹಲ್ಲಿಗೆ ಅಂಟಿತು. ರುಚಿಯೂ ನಾನು ಹೇಳಿದಷ್ಟೇ ಕೆಟ್ಟಿತು. ಆದರೆ ಇಳಿಯಿತು. ಮುರಿದುಕೊಂಡ ಚೂರು ಮುಗಿಯುವವರೆಗೂ ಎದೆಯಲ್ಲಿ ಯಾವ ಒತ್ತೂ ಇರಲಿಲ್ಲ.

ಹೆಂಡತಿ ಡಬ್ಬಿಗಳನ್ನು ಕಟ್ಟತೊಡಗಿದರು. ಆಹಾರತಜ್ಞೆ ಏನೋ ಬರೆದುಕೊಳ್ಳುತ್ತಿದ್ದರು. ಸಮಸ್ಯೆ ಬಗೆಹರಿಯಿತೆಂದು ಮೂವರೂ ನಂಬಿದ್ದೆವು. ಅಷ್ಟರಲ್ಲಿ ಎದೆ ತುಂಬಿ ವಾಂತಿ ಒತ್ತಿಕೊಂಡು ಬಂತು. ನಾನು ಎದ್ದು ಕೈತೊಳೆಯುವ ತೊಟ್ಟಿಯ ಕಡೆ ನಡೆದೆ. ಅಗಿದ ಮುದ್ದೆಯೂ, ಕಾಳೂ, ಸಾರೂ ಅದರಲ್ಲಿ ಬಿದ್ದವು. ಆ ಗಳಿಗೆಯಲ್ಲಿ ನನಗೆ ಎಕ್ಸ್-ರೇಯ ಮೇಜು, ಅದರಾಚೆಯ ಶಸ್ತ್ರಚಿಕಿತ್ಸೆಯ ಮೇಜು ಎರಡೂ ಕಣ್ಣಮುಂದೆ ಬಂದವು. ತೊಟ್ಟಿಯ ಅಂಚನ್ನು ಹಿಡಿದು ತಲೆ ಎತ್ತದೆ ನಿಂತೆ.

ಹಿಂದಿನಿಂದ ಆಹಾರತಜ್ಞೆಯ ದನಿ ಬಂತು. "ಕಾಕಾರ, ಊಟ ಆದ ಮ್ಯಾಲ ಏನ್ ಕುಡಿದ್ರಿ?"

"ಏನೂ ಕುಡಿಯಲಿಲ್ಲ."

"ಕುಡಿದ್ರಿ. ನಾ ಕಣ್ಣಾರೆ ನೋಡೀನಿ, ಆಗ ನನಗೂ ಹೊಳೀಲಿಲ್ಲ."

"ನೀರು ಮುಟ್ಟಿಲ್ಲಮ್ಮ ನಾನು. ಬೇಕಾದ್ರೆ ಇವರನ್ನ ಕೇಳಿ."

ಹೆಂಡತಿಯನ್ನು ಕೇಳಬೇಕಾಗಲಿಲ್ಲ. ಅವರು ಮೇಜಿನ ಮೇಲಿದ್ದ ನನ್ನ ತಟ್ಟೆಯನ್ನು ನೋಡುತ್ತ ನಿಂತಿದ್ದರು. ಉಂಡ ತಟ್ಟೆ, ತೊಳೆದಿಟ್ಟಂತೆ ಹೊಳೆಯುತ್ತಿತ್ತು.

ಅದನ್ನು ವಿವರಿಸಬೇಕು. ಹುಡುಗನಾಗಿದ್ದಾಗ ನಾನು ಅಡುಗೆ ಕಲಿತದ್ದು ಒಂದು ಮಠದ ದಾಸೋಹದ ಮನೆಯಲ್ಲಿ. ಅಲ್ಲಿ ಉಣ್ಣುವುದು ಪ್ರಸಾದ. ಒಂದು ಅಗುಳನ್ನೂ ಬಿಡಕೂಡದು. ಊಟ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಅಂಟಿದ್ದನ್ನು ಬೆರಳಿನಿಂದ ಬಿಡಿಸಿ, ಆ ನೀರನ್ನು ಕುಡಿದು ತಟ್ಟೆಯನ್ನು ಬರಿದು ಮಾಡಬೇಕು. ನಮ್ಮಲ್ಲಿ ಅನೇಕ ಮನೆಗಳಲ್ಲಿ ಹಿರಿಯರು ಇಂದಿಗೂ ಇದನ್ನು ಪಾಲಿಸುತ್ತಾರೆ. ನಾನು ಒಂದು ಊಟಕ್ಕೂ ತಪ್ಪಿಸಿದವನಲ್ಲ. ಶಸ್ತ್ರಚಿಕಿತ್ಸೆಯ ನಂತರ ಚೊಂಬನ್ನು ಹೊರಗಿಟ್ಟೆ, ಲೋಟವನ್ನು ದೂರ ಮಾಡಿದೆ. ತಟ್ಟೆ ತೊಳೆಯಲೆಂದು ನೀರನ್ನು ಮಾತ್ರ ಹತ್ತಿರವೇ ಇಟ್ಟುಕೊಂಡೆ. ಅಂದು ಆ ಕೊಠಡಿಯಲ್ಲೂ ಊಟಕ್ಕೆ ಕೂರುವ ಮೊದಲೇ ಡಬ್ಬಿಯ ಮುಚ್ಚಳಕ್ಕೆ ಹಿಡಿದಿಟ್ಟಿದ್ದ ನೀರನ್ನು ತಟ್ಟೆಗೆ ಸುರಿದು, ತಿರುಗಿಸಿ, ಕುಡಿದಿದ್ದೆ. ಕುಡಿದದ್ದು ನನ್ನ ಅರಿವಿಗೇ ಬಂದಿರಲಿಲ್ಲ.

"ಅದು ನೀರಲ್ಲಮ್ಮ," ಎಂದೆ. "ಪ್ರಸಾದ."

"ಖರೇ," ಎಂದರು ಅವರು ಮೆಲ್ಲಗೆ. "ನಮ್ಮ ಅಜ್ಜಾನೂ ಹಿಂಗಽ ಮಾಡ್ತಿದ್ದರ್ರಿ. ನಾ ತಟ್ಟೀ ತೊಳೀದ ಎದ್ರ ಬೈತಿದ್ರು. ಆದ್ರ ನಿಮ್ಮ ಹೊಟ್ಟಿಗೆ ಅದು ನೀರಽ, ಕಾಕಾರ."

ಕಾಗದದ ತಟ್ಟೆಯನ್ನು ಯಾರೂ ತೊಳೆದು ಕುಡಿಯುವುದಿಲ್ಲ. ಅಂದು ಇಡ್ಲಿ ಇಳಿದದ್ದು ಅದಕ್ಕೆ. ಮುದ್ದೆ ತಿನ್ನದ ದಿನಗಳಲ್ಲೂ ಊಟ ಮುಗಿದ ಮೇಲೆ ಎದೆ ತುಂಬುತ್ತಿದ್ದದ್ದೂ ಅದಕ್ಕೆ. ತುಂಬಿದ ಕೊಳವೆಯ ಮೇಲೆ ಪ್ರತಿ ಊಟಕ್ಕೂ ನಾನೇ ಒಂದು ಲೋಟದಷ್ಟು ನೀರು ಸುರಿಯುತ್ತಿದ್ದೆ.

ಕಾರಣ ತಿಳಿಯಿತೆಂದು ಹಗುರವಾಗಬೇಕಿತ್ತು. ಆಗಲಿಲ್ಲ. ಮುದ್ದೆ ಅಗಿಯಲು ಒಪ್ಪಬಹುದು, ಅದು ನಾಲಗೆಯ ವಿಷಯ. ತಟ್ಟೆ ತೊಳೆಯದೆ ಏಳುವುದು ಹೇಗೆ? ಅಂದು ಸಂಜೆ ಮನೆಯಲ್ಲಿ ಊಟದ ಮುಂದೆ ಕುಳಿತು ತಿನ್ನದೆ ಎದ್ದೆ. ಎಂಜಲು ಬಿಡುವುದಕ್ಕಿಂತ ಉಪವಾಸವೇ ಮೇಲೆಂದು ಹೆಂಡತಿಗೆ ಹೇಳಿದೆ.

"ಉಪವಾಸ ಮಾಡಿ ಮತ್ತೆ ಹೊಟ್ಟೆ ಕುಯ್ಸ್ಕೊತೀರಾ?" ಎಂದರು ಅವರು. "ಎಲ್ಲಾದಕ್ಕೂ ಯಾರು ಹೇಳಿದ್ದು, ಎಲ್ಲಿ ಹೇಳಿದ್ದು ಅಂತ ಊರೋರ್ನೆಲ್ಲ ಕೇಳ್ತೀರಲ್ಲ. ಇದನ್ನ ಯಾಕ್ರೀ ಕೇಳಲ್ಲ? ತಟ್ಟೆ ತೊಳ್ದು ಕುಡೀಬೇಕು, ಸರಿ. ಎದ್ದೇಳೋದ್ರೊಳಗೇ ಕುಡೀಬೇಕು ಅಂತ ಯಾರು ಹೇಳಿದ್ದು? ಪ್ರಸಾದಕ್ಕೆ ಗಡಿಯಾರ ಯಾರು ಕಟ್ಟಿದ್ರು? ತೊಳ್ದ ನೀರ್ನ ಒಂದ್ ಬಟ್ಟಲಿಗೆ ಹಾಕಿ ಮುಚ್ಚಿಡಿ. ಅರ್ಧ ಗಂಟೆ ಆದ್ಮೇಲೆ ಗುಟುಕು ಗುಟುಕಾಗಿ ಕುಡೀರಿ."

ನಾನು ಬಹಳ ಹೊತ್ತು ಯೋಚಿಸಿದೆ. ದಾಸೋಹದ ಮನೆಯ ಹಿರಿಯರು ನಮಗೆ ಹೇಳಿದ್ದು "ಬಿಡಬೇಡಿ" ಎಂದು. "ಈಗಲೇ" ಎಂದು ಹೇಳಿದ ನೆನಪು ನನಗಿಲ್ಲ. ಪಂಕ್ತಿ ಬೇಗ ಏಳಬೇಕಿತ್ತು, ಹೊರಗೆ ಇನ್ನೊಂದು ಪಂಕ್ತಿ ಕಾಯುತ್ತಿತ್ತು. ಅವಸರ ಬಂದದ್ದು ಅಲ್ಲಿಂದ. ಆ ಅವಸರವನ್ನು ನಾನು ಇಷ್ಟು ವರ್ಷ ಆಚಾರದ ಭಾಗವೆಂದು ಹೊತ್ತುಕೊಂಡು ಬಂದಿದ್ದೆ. ಒಳಗೆ ಹೋಗಿ ಮತ್ತೆ ಬಡಿಸಲು ಹೇಳಿದೆ.

ಅಲ್ಲಿಂದ ಮುಂದೆ ಅಡುಗೆಯವನ ಕ್ರಮ ಹಿಡಿದೆ. ಒಮ್ಮೆಗೆ ಒಂದೇ ಬದಲಾವಣೆ. ಮೊದಲು ಮುದ್ದೆಯನ್ನು ಪೂರ್ತಿ ಬಿಟ್ಟು, ಮೆತ್ತಗಿನ ಅನ್ನ, ಬೇಳೆಗಳನ್ನೇ ಉಂಡು, ತಟ್ಟೆ ತೊಳೆದ ನೀರನ್ನು ಮಾತ್ರ ತಡಮಾಡಿ ಕುಡಿದೆ. ಊಟದ ನಂತರದ ವಾಂತಿ ನಿಂತಿತು. ಅದು ನಿಂತದ್ದು ಖಚಿತವಾಗುವವರೆಗೂ ಮುದ್ದೆಯನ್ನು ಮುಟ್ಟಲಿಲ್ಲ. ಆಮೇಲೆ ಒಂದು ಊಟಕ್ಕೆ ಮಾತ್ರ ಮುದ್ದೆ, ಕಾಳು ತಿಂದ ಮೇಲೆ, ಅಗಿದು. ಇದೂ ಇಳಿಯಿತು. ನಡುವೆ ಒಂದು ದಿನ ಕ್ಯಾಂಟೀನಿನಲ್ಲಿ ಎರಡನೆಯ ಪಾಳಿಯ ಅಡುಗೆಗೆ ಹೊತ್ತಾಯಿತೆಂದು ಬೇಗ ಬೇಗ ಉಂಡೆ. ಗೊತ್ತಿಲ್ಲದೆಯೇ ನುಂಗಿದ್ದೆ. ಮತ್ತೆ ಮೋರಿ, ಮತ್ತೆ ನೊರೆ. ಆದರೆ ಈ ಸಲ ನಾನು ಹೆದರಲಿಲ್ಲ. ಕಾರಣ ತಿಳಿದ ತಪ್ಪು ಮೊದಲಿನಷ್ಟು ಹೆದರಿಸುವುದಿಲ್ಲ. ಅಂದಿನಿಂದ ಸಹಾಯಕಿ ನನ್ನ ಎದುರು ಕೂರತೊಡಗಿದರು.

"ಅಗೀರಿ ಅಯ್ನೋರೇ. ಎಮ್ಮೆ ನೋಡಿದೀರಲ್ಲ? ಅಂಗೆ. ಅದ್ಕೇನು ಅವಸ್ರಾನಾ?"

"ಎಮ್ಮೆ ನುಂಗಿಬಿಟ್ಟು ಆಮೇಲೆ ಅಗಿಯೋದು ಕಣವ್ವ."

"ನೀವು ನುಂಗಿದ್ಮೇಲೆ ಆಚೆಗ್ ತರ್ತೀರಲ್ಲ, ಅದ್ಕೇ ಏಳಿದ್ದು. ಮೊದ್ಲೇ ಅಗೀರಿ."

ಮುಂದಿನ ಭೇಟಿಯಲ್ಲಿ ಶಸ್ತ್ರವೈದ್ಯರು ನನ್ನ ಹೊಟ್ಟೆ ಮುಟ್ಟಿ ನೋಡಿದರು, ರಕ್ತಪರೀಕ್ಷೆಯ ವರದಿ ನೋಡಿದರು, ನನ್ನ ಮಾತು ಕೇಳಿದರು. ಆಹಾರತಜ್ಞೆ ಅವರಿಗೆ ಮೊದಲೇ ಎಲ್ಲವನ್ನೂ ಹೇಳಿದ್ದರು.

"ವಾಂತಿ ಪೂರ್ತಿ ನಿಂತಿದೆಯೇ?"

"ನನ್ನ ಅವಸರದಿಂದ ಒಮ್ಮೆ ಆಯಿತು. ಬೇರೆ ಇಲ್ಲ."

"ಹಾಗಾದರೆ ಬಣ್ಣದ ಎಕ್ಸ್-ರೇ ಈಗ ಬೇಡ. ಇನ್ನೊಂದು ಶಸ್ತ್ರಚಿಕಿತ್ಸೆಯ ಮಾತೂ ಬೇಡ," ಎಂದು ಅವರು ಹಾಳೆಯ ಮೇಲಿನ ಒಂದು ಸಾಲನ್ನು ಹೊಡೆದು ಹಾಕಿದರು. ಆಮೇಲೆ ಕನ್ನಡಕ ತೆಗೆದು ಹೇಳಿದರು. "ನಾನೂ ಮೈಸೂರಿನವನೇ. ಮುದ್ದೆ ನುಂಗಿಯೇ ಬೆಳೆದವನು. ನನಗೇ ಇದು ಹೊಳೆಯಲಿಲ್ಲ ನೋಡಿ. ತಟ್ಟೆಯ ವಿಷಯವಂತೂ ಕೇಳಿಯೇ ಇರಲಿಲ್ಲ. ಇನ್ನು ಮೇಲೆ ಎಲ್ಲರನ್ನೂ ಕೇಳಬೇಕಾಯಿತು."

ಹೆಂಡತಿ ಕುರ್ಚಿಯ ಹಿಡಿಯನ್ನು ಅಲ್ಲಿಯವರೆಗೂ ಬಿಗಿಯಾಗಿ ಹಿಡಿದಿದ್ದರೆಂದು ನನಗೆ ತಿಳಿದದ್ದು ಅವರು ಅದನ್ನು ಬಿಟ್ಟಾಗ. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಇಬ್ಬರೂ ಕುಳಿತೆವು. "ಹಸಿವಾಗ್ತಿದೆ ಕಣೇ," ಎಂದೆ. ಶಸ್ತ್ರಚಿಕಿತ್ಸೆಯಾದ ಮೇಲೆ ನನ್ನ ಬಾಯಿಂದ ಆ ಮಾತು ಬಂದದ್ದು ಅಂದೇ ಮೊದಲು.

ಈಗ ಮತ್ತೆ ಕೋಲು ನನ್ನ ಕೈಯಲ್ಲಿದೆ. ತೂಕ ಇಳಿದಿದೆ, ಮಂಡಿಗಳು ಸಹಿಸುತ್ತಿವೆ. ಆದರೂ ಕಥೆ ನಿಂತಿಲ್ಲ. ಬೇರು ಕೊಟ್ಟ ಹಿರಿಯರು ಅದನ್ನು ಸಂತೋಷದಿಂದ ಹೇಳಿಕೊಂಡು ತಿರುಗುತ್ತಾರೆ. ಅವರ ಸಂತೋಷಕ್ಕೆ ನನ್ನ ತಕರಾರಿಲ್ಲ. ಆದರೆ ಆ ಕಥೆ ಕೇಳಿ ನಮ್ಮ ಕಾರ್ಖಾನೆಯಲ್ಲಿಯೇ ಒಬ್ಬರು, ವೈದ್ಯರು ಹೇಳಿದ ಶಸ್ತ್ರಚಿಕಿತ್ಸೆ ಬೇಡವೆಂದು ಮನೆಗೆ ಮರಳಿದ್ದಾರೆಂದು ಕೇಳಿದೆ. ಸುಳ್ಳು ಕಥೆಗೆ ಇನ್ನೊಬ್ಬರು ಬೆಲೆ ತೆರುವುದಾದರೆ ಸುಮ್ಮನಿರಲಾಗದು. ಅದಕ್ಕಾಗಿ ಇಷ್ಟು ಬರೆದೆ.

ನನ್ನ ಮಾತನ್ನೂ ಯಾರೂ ಹಾಗೇ ನಂಬಬೇಕಾಗಿಲ್ಲ. ದಾರಿ ಎಲ್ಲೂ ಕಿರಿದಾಗಿಲ್ಲವೆಂಬ ಎಂಡೋಸ್ಕೋಪಿ ವರದಿ, ಚಿತ್ರಗಳ ಸಮೇತ, ನನ್ನ ಬಳಿಯಿದೆ. ಕೇಳಿದವರಿಗೆ ತೋರಿಸುತ್ತೇನೆ. ಕಾಗದವನ್ನು ನಂಬದವರು ಮೊದಲ ಪಾಳಿಯ ಊಟ ಮುಗಿಯುವ ಹೊತ್ತಿಗೆ ಕ್ಯಾಂಟೀನಿನ ಹಿಂಬದಿಗೆ ಬರಬಹುದು. ಸಹಾಯಕಿ ಅಲ್ಲಿಯೇ ಇರುತ್ತಾರೆ. ಮೊನ್ನೆ ಒಬ್ಬರು ಬೇರಿನ ವಿಷಯ ಎತ್ತಿದಾಗ ಅವರು ಸೌಟನ್ನು ಕೆಳಗಿಟ್ಟು ಹೇಳಿದ್ದು ಇಷ್ಟು:

"ಬೇರೂ ಇಲ್ಲ, ಗೀರೂ ಇಲ್ಲ. ಆವತ್ತು ಮೋರಿ ತಾವ ಬೆನ್ನು ನೀವ್ದೋಳು ನಾನು. ಇವತ್ತು ಎದ್ರುಗ್ ಕೂತು ಅಗ್ಸೋಳೂ ನಾನೇ. ಏನ್ ಕೇಳ್ಬೇಕೋ ನನ್ ಕೇಳಿ. ಅಯ್ನೋರ್ನ ಮಾತಾಡ್ಸ್ಬೇಡಿ, ಅವ್ರಿನ್ನೂ ಉಣ್ತಾವ್ರೆ."